ಬೇಗೂರಿನ ಕಾಡಂಚಿನಲ್ಲಿ ಕಂದಮೂಲ

ಬೇಗೂರೆಂಬ ಹೆಸರಿನ ಊರುಗಳು ನಮ್ಮ ನಾಡಿನಲ್ಲಿ ಹಲವುಂಟು. ಬೆಂಗಳೂರಿನ ಬಳಿಯದು ಶಿಲಾಶಾಸನದಿಂದ ಪ್ರಸಿದ್ಧವಾದುದು. ಗುಂಡ್ಲುಪೇಟೆಯ ದಾರಿಯಲ್ಲಿರುವುದನ್ನು ಉದಕಮಂಡಲಕ್ಕೆ ಹೋಗುವವರೆಲ್ಲ ಬಲ್ಲರು. ನಾವು ಹೇಳಹೊರಟಿರುವುದು ಇವೆರಡೂ ಅಲ್ಲದ ಎನ್. ಬೇಗೂರಿನ ವಿಷಯ. ಮೈಸೂರಿನಿಂದ ಹೆಗ್ಗಡದೇವನಕೋಟೆ, ಅಲ್ಲಿಂದ ಸರಗೂರು. ಅದನ್ನೂ ದಾಟಿ ಹತ್ತಿ, ರಾಗಿ, ಹುರುಳಿಯ ಹೊಲಗಳ ನಡುವೆ ಸಾಗಿದರೆ ಬಂಡೀಪುರದ ಅರಣ್ಯದ ಅಂಚಿನಲ್ಲಿ ಈ ಊರು ಸಿಕ್ಕುವುದು.

ಕಳೆದ ಮಾಘಮಾಸದಲ್ಲಿ ನಮ್ಮ ಸೋದರಳಿಯನೊಡನೆ ಅಲ್ಲಿಗೆ ಹೋಗಿದ್ದೆವು. ಅವನು ಅಮೆರಿಕಾದಲ್ಲಿ ನೆಲೆಸಿ ಇಪ್ಪತ್ತು ವರ್ಷವಾಗಿರುವುದರಿಂದ ಈಗ ಅವನಿಗೆ ಇದೇ ಪರದೇಶಪ್ರಯಾಣ. ಬಹುಕಾಲ ಉದರವ್ಯಾಧಿಯಿಂದ ನರಳಿದ ಅವನು ಎರಡು ವರ್ಷದಿಂದ 'ಪೇಲಿಯೋ' ಎಂಬ ಪಥ್ಯವನ್ನು ಹಿಡಿದು ಸುಖವಾಗಿದ್ದಾನೆ. ಆದಕಾರಣ ಅದನ್ನು ಪ್ರಯಾಣದಲ್ಲಿಯೂ ಬಿಡಲೊಲ್ಲ.

ಈ ಪಥ್ಯದವರ ವಾದವಿಷ್ಟು: ಮನುಷ್ಯನು ಬೇಸಾಯವನ್ನು ಕಲಿತು ಹತ್ತು ಹನ್ನೆರಡು ಸಾವಿರ ವರ್ಷಗಳಾದುವು, ಅದಕ್ಕೆ ಮೊದಲು ಲಕ್ಷಾಂತರ ವರ್ಷ ಗೆಡ್ಡೆ, ಹಣ್ಣು, ಸೊಪ್ಪು, ಮಾಂಸ, ಜೇನುಗಳಿಂದಲೇ ಬದುಕಿದನು, ನಮ್ಮ ದೇಹವು ಆ ಆಹಾರಕ್ಕೇ ಹೊಂದಿಕೊಂಡಿದೆ. ೧೯೮೫ರಲ್ಲಿ ಈಟನ್ ಮತ್ತು ಕಾನರ್ ಎಂಬ ವಿದ್ವಾಂಸರು ಈ ವಿಚಾರವನ್ನು ವೈದ್ಯಪತ್ರಿಕೆಯೊಂದರಲ್ಲಿ ಮಂಡಿಸಿದರು. ೨೦೦೨ರಲ್ಲಿ ಲೊರೆನ್ ಕಾರ್ಡೇನರ ಪುಸ್ತಕ ಬಂದ ಮೇಲೆ ಅದು ಮನೆಮಾತಾಯಿತು. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಆಹಾರವನ್ನು ಹನ್ನೆರಡು ವರ್ಗಗಳಾಗಿ ಎಣಿಸಿದ್ದಾರೆ. ಮೊದಲನೆಯದು ಶೂಕಧಾನ್ಯ, ಎಂದರೆ ಅಕ್ಕಿ ಗೋಧಿ ಮುಂತಾದುವು. ಎರಡನೆಯದು ಶಮೀಧಾನ್ಯ, ಎಂದರೆ ಬೇಳೆಕಾಳುಗಳು. ನಮ್ಮ ಹುಡುಗನಿಗೆ ಮೊದಲ ಎರಡೇ ನಿಷಿದ್ಧ! ಮುಂದೆ ಗೋರಸವೂ ಇಲ್ಲ, ಕಬ್ಬಿನ ಸಕ್ಕರೆಯೂ ಇಲ್ಲ.

ಹೀಗಿರಲು ದಾರಿಯ ಹೋಟಲುಗಳಲ್ಲಿ ಅವನ ಪಾಡನ್ನು ವಾಚಕರೇ ಊಹಿಸಬಹುದು. ಇಡ್ಲಿಯಲ್ಲಿ ಅಕ್ಕಿಯೂ ಉದ್ದೂ ಸೇರಿ ಎರಡು ದೋಷ. ಕಾಫಿಯಲ್ಲಿ ಹಾಲೂ ಸಕ್ಕರೆಯೂ ಸೇರಿ ಮತ್ತೆರಡು. ಕಡಲೆಕಾಯಿಯೂ ದ್ವಿದಳಧಾನ್ಯವಾದ್ದರಿಂದ ಕೂಡದಂತೆ. ಎಳನೀರು, ಬಾಳೆಹಣ್ಣು, ಸೌತೆಕಾಯಿ, ಬೇಯಿಸಿದ ಮೊಟ್ಟೆ, ಮನೆಯಿಂದ ತಂದ ಕೊಬ್ಬರಿ, ಇಷ್ಟರಲ್ಲಿಯೇ ಅವನು ಎರಡು ದಿನ ಕಳೆದನು. ಹಿಂದೆ ನಮ್ಮ ಹಿರಿಯರು ಯಾತ್ರೆಗೆ ಹುರಿಹಿಟ್ಟು ಅವಲಕ್ಕಿಗಳನ್ನು ಕಟ್ಟಿಕೊಂಡು ಹೋಗುತ್ತಿದ್ದುದು ನೆನಪಾಯಿತು. ಆ ಗಂಟು ಇವನ ಉಪಯೋಗಕ್ಕೆ ಬಾರದು.

ಊರಿನಾಚೆಯ ಜೇನುಕುರುಬರ ಹಾಡಿಯೊಂದರಲ್ಲಿ, ಪರಿಚಿತರೊಬ್ಬರ ಮೂಲಕ, ಒಬ್ಬ ವೃದ್ಧೆಯ ಮನೆಗೆ ಹೋದೆವು. ಆಕೆ ರಾಗಿಮುದ್ದೆ ಸೊಪ್ಪಿನ ಸಾರು ಮಾಡಿಸಿದ್ದಳು. ಹುಡುಗನು ಮುದ್ದೆಯನ್ನು ಮುಟ್ಟದೆ ಸೊಪ್ಪನ್ನು ಮಾತ್ರ ಆರಿಸಿಕೊಳ್ಳತೊಡಗಿದಾಗ ಆಕೆಯ ಮುಖ ಸಣ್ಣಗಾಯಿತು. ತಮ್ಮ ಮನೆಯ ಅನ್ನವನ್ನು ಒಲ್ಲೆನೆಂದವರನ್ನು ಆ ಜನರು ಬಹಳ ಕಂಡಿರಬೇಕು. ನಾವು ಪಥ್ಯದ ಸಂಗತಿಯನ್ನು ಬಿಡಿಸಿ ಹೇಳಿದೆವು. ಆಕೆ ಕೇಳಿ ನಕ್ಕು, ಒಳಗಿನಿಂದ ಕೆಂಡದಲ್ಲಿ ಸುಟ್ಟ ಕಾಡುಗೆಣಸನ್ನು ತಂದಿಟ್ಟಳು. "ಇದು ಹೊಸದಾ ಮಗಾ? ನಮ್ಮವ್ವ ನಮ್ಮನ್ನ ಇದರಲ್ಲೇ ಸಾಕಿದ್ದು" ಎಂದಳು.

ಆ ಗೆಣಸು ಕಾಡಿನದಲ್ಲ. ಬೇಲಿಯ ಬುಡದಲ್ಲಿ ಆಕೆ ನೆಟ್ಟು ಬೆಳೆಸಿದ್ದು. ಬಾಲ್ಯದಲ್ಲಿ ಚೂಪಾದ ಕೋಲಿನಿಂದ ಅಗೆದು, ಬಳ್ಳಿಯ ತಲೆಯನ್ನು ಮತ್ತೆ ಮಣ್ಣಿನಲ್ಲಿ ಹೂಳಿ ಬರುತ್ತಿದ್ದರಂತೆ. ಕೆಲವು ಕಹಿಗೆಣಸುಗಳನ್ನು ಹೆಚ್ಚಿ ಹರಿಯುವ ನೀರಿನಲ್ಲಿ ಇರಿಸಿದಲ್ಲದೆ ತಿನ್ನಲಾಗದು. ಹೆಜ್ಜೇನು, ತುಡುವೆ, ಕಡ್ಡಿಜೇನು, ನಸರುಜೇನುಗಳ ಗುಣಭೇದವನ್ನು ಆಕೆ ಹೇಳಿದ ಕ್ರಮವನ್ನು ಕೇಳಿ ನಮ್ಮ ನಿಘಂಟುಪಾಠ ಸಪ್ಪೆಯೆನಿಸಿತು. ಮಳೆಗಾಲದಲ್ಲಿ ಕಳಲೆ, ಅಣಬೆ. ಬಿದಿರು ಹೂಬಿಟ್ಟ ವರ್ಷ ಬಿದಿರಕ್ಕಿ.

ಬಿದಿರಕ್ಕಿ ಧಾನ್ಯವಲ್ಲವೆ? ನಮ್ಮ ಕಾವ್ಯಗಳ ಋಷಿಗಳೂ ಕಂದಮೂಲದೊಡನೆ ನೀವಾರವೆಂಬ ಕಾಡುಬತ್ತವನ್ನು ಉಂಡವರೇ. ಇಸ್ರೇಲಿನ ಗಲಿಲೀ ಸರೋವರದ ತೀರದ ಒಹಾಲೋ ಎಂಬಲ್ಲಿ ೨೩,೦೦೦ ವರ್ಷಗಳ ಹಿಂದಿನವರು ಕಾಡುಧಾನ್ಯವನ್ನು ಕೂಡಿಟ್ಟು ಅರೆದು ತಿಂದ ಕುರುಹುಗಳು ದೊರೆತಿವೆ. ಇದನ್ನು ಹೇಳಿದಾಗ ಅಳಿಯನು, "ಮಾವ, ನನ್ನ ಹೊಟ್ಟೆಗೆ ಇತಿಹಾಸ ಬೇಡ, ನೆಮ್ಮದಿ ಸಾಕು" ಎಂದನು. ಚರಕನು ಓಕಸಾತ್ಮ್ಯವೆನ್ನುವುದು, ಅಭ್ಯಾಸದಿಂದ ಮೈಗೆ ಒಗ್ಗಿದುದು, ಇದೇ ಇರಬಹುದೆಂದು ನಾವು ಸುಮ್ಮನಾದೆವು.

ಆದರೆ ಆ ವೃದ್ಧೆಯ ಅಭ್ಯಾಸವು ತಪ್ಪಿದ ಬಗೆ ಬೇರೆ. ೧೯೭೨ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. ೧೯೭೩ರಲ್ಲಿ ಬಂಡೀಪುರವು ಹುಲಿ ಯೋಜನೆಗೆ ಸೇರಿತು. ೧೯೭೪ರಲ್ಲಿ ಕಪಿಲೆಯ ಅಣೆಕಟ್ಟು ಮುಗಿದು ಹಲವು ಊರುಗಳೂ ಕಾಡೂ ಮುಳುಗಿದುವು. ಈ ಸೀಮೆಯ ಅನೇಕ ಹಾಡಿಗಳು ಕಾಡಿನ ಹೊರಕ್ಕೆ ಬಂದು ಕೂಲಿಯನ್ನೂ ನ್ಯಾಯಬೆಲೆ ಅಂಗಡಿಯ ಅಕ್ಕಿಯನ್ನೂ ಅವಲಂಬಿಸಿದುವು. ೨೦೦೬ರ ಅರಣ್ಯಹಕ್ಕು ಕಾಯಿದೆಯು ಕಿರು ಅರಣ್ಯ ಉತ್ಪನ್ನದ ಹಕ್ಕನ್ನು ಮನ್ನಿಸಿದೆಯಾದರೂ ಹಕ್ಕುಪತ್ರಕ್ಕಾಗಿ ಕಾದಿರುವವರು ಇನ್ನೂ ಉಂಟು. ಹುಲಿಯೂ ಉಳಿಯಬೇಕೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ನಮ್ಮ ಹುಡುಗನು ದೂರದೇಶದಲ್ಲಿ ಹೆಚ್ಚು ಹಣ ತೆತ್ತು ಕೊಳ್ಳುವ ಜೇನು ಗೆಣಸುಗಳನ್ನು, ಅದನ್ನೇ ಉಂಡು ಬೆಳೆದವಳು ಕೇಳಿ ಪಡೆಯಬೇಕಾಗಿರುವುದು ನಮಗೆ ಸರಿಯೆನಿಸಲಿಲ್ಲ.

ಅಳಿಯನು ನಾಲ್ಕು ಗೆಣಸು ತಿಂದನು. ಅಷ್ಟರಲ್ಲಿ ಶಾಲೆಯಿಂದ ಬಂದ ಮೊಮ್ಮಗಳಿಗೂ ಒಂದನ್ನು ಕೊಡಹೋದಾಗ ಅವಳು ಮೂಗು ಮುರಿದು, ತನ್ನ ಪಾಲಿನ ಮುದ್ದೆಯ ಜೊತೆಗೆ ಅತಿಥಿಗೆಂದು ಎತ್ತಿಟ್ಟಿದ್ದುದನ್ನೂ ಕೇಳಿ ಪಡೆದು ಉಣ್ಣಲು ಕುಳಿತಳು.