ಕೋಣಗರುವಿನ ಲೆಕ್ಕ

ದನ ಸಾಕುವುದು ಪುಣ್ಯವೆಂದು ಹೇಳುವವರು ಬಹಳ ಮಂದಿ. ದನಕ್ಕೆ ಹುಲ್ಲು ಹಾಕುವವರು ಕಡಮೆ. ಮಾತಿಗೆ ಮೇವು ಬೇಕಾಗುವುದಿಲ್ಲವಷ್ಟೆ! ನಮ್ಮ ಚರ್ಚಾಕೂಟದಲ್ಲಿ ಗೋಮಾಂಸದ ಪ್ರಶ್ನೆ ಬಂದಾಗಲೆಲ್ಲ ಒಂದು ಪಕ್ಷದ ಮಿತ್ರರು ಧರ್ಮವನ್ನೂ ಇನ್ನೊಂದು ಪಕ್ಷದವರು ಸ್ವಾತಂತ್ರ್ಯವನ್ನೂ ಹಿಡಿದು ವಾದಿಸುತ್ತಾರೆ. ಎರಡು ಪಕ್ಷದವರೂ ಮೇವಿನ ಲೆಕ್ಕ ಕೇಳಿದ್ದನ್ನು ನಾನು ಕಾಣೆ. ಕೃಷ್ಣರಾಜಪುರದ ಅಂಚಿನಲ್ಲಿ ಮೂರು ಎಮ್ಮೆ ಕಟ್ಟಿ, ಹಲಸೂರು ಇಂದಿರಾನಗರಗಳಿಗೆ ಹಾಲು ಹಾಕುವ ಮನೆ ನಮ್ಮದು. ಮನೆಯಲ್ಲಿ ಅಕ್ಷರ ಬಲ್ಲವನು ನಾನೊಬ್ಬನೇ ಆದುದರಿಂದ ಹಾಲಿನ ಚೀಟಿ, ಹಿಂಡಿಯ ಬಾಕಿ, ಮದ್ದಿನ ಖರ್ಚು ಎಲ್ಲವೂ ಹೈಸ್ಕೂಲಿನ ದಿನಗಳಿಂದ ನನ್ನ ಕೈಬರಹದಲ್ಲಿಯೇ ಇವೆ. ಆದಕಾರಣ ಧರ್ಮದ ಮಾತನ್ನು ಬಲ್ಲವರಿಗೆ ಬಿಟ್ಟು ಲೆಕ್ಕದ ಮಾತನ್ನಷ್ಟೇ ಇಲ್ಲಿ ಬರೆಯುತ್ತೇನೆ.

ಮಾಂಸಕ್ಕಾಗಿಯೇ ದನ ಸಾಕುವ ಪದ್ಧತಿ ನಮ್ಮ ಕಡೆ ಇಲ್ಲ. ೧೮೦೯ರಲ್ಲಿ ಬೆಂಗಳೂರಿಗೆ ದಂಡು ಬಂದ ಮೇಲೆ ಶಿವಾಜಿನಗರದ ಸುತ್ತ ಮಾಂಸದ ಅಂಗಡಿಗಳು ಬೆಳೆದುವು. ಚರ್ಮ ಹದಮಾಡುವ ಕಸುಬಿನಿಂದ ಟ್ಯಾನರಿ ರಸ್ತೆಗೆ ಹೆಸರೂ ಬಂದಿತು. ಆದರೆ ಹಳ್ಳಿಗಳಿಂದ ಅಲ್ಲಿಗೆ ಹೋಗುತ್ತಿದ್ದುದು ಬಹುಮಟ್ಟಿಗೆ ಉತ್ತು ಸೋತ ಎತ್ತು, ಬತ್ತಿದ ಎಮ್ಮೆ. ಮಾಂಸವೆಂಬುದು ನೇಗಿಲಿನ ಮತ್ತು ಹಾಲಿನ ಖಾತೆಯ ಕೊನೆಯ ಪುಟವಾಗಿತ್ತು. ಹಳೆಯ ಎಮ್ಮೆ ಹೋಗುವಾಗ ಹೊಸ ಎಮ್ಮೆಗೆ ಒಂದಿಷ್ಟು ಮುಂಗಡ ಕೊಟ್ಟೇ ಹೋಗುತ್ತಿತ್ತೆಂದು ನಮ್ಮಜ್ಜಿ ಹೇಳುತ್ತಾರೆ.

೧೯೬೪ರ ಕಾನೂನು ಹಸುವಿನ ವಧೆಯನ್ನು ನಿಷೇಧಿಸಿ, ೧೨ ವರ್ಷ ದಾಟಿದ ಅಥವಾ ಕೆಲಸಕ್ಕೆ ಬಾರದ ಎತ್ತು, ಕೋಣ, ಎಮ್ಮೆಗಳಿಗೆ ಪ್ರಮಾಣಪತ್ರದ ಮೇಲೆ ಅನುಮತಿ ಕೊಟ್ಟಿತ್ತು. ೨೦೨೧ರ ಆರಂಭದಲ್ಲಿ ಜಾರಿಗೆ ಬಂದ ಹೊಸ ಕಾನೂನಿನಲ್ಲಿ ಎತ್ತು, ಹೋರಿಗಳೂ ನಿಷೇಧಕ್ಕೆ ಸೇರಿದುವು. ೧೩ ವರ್ಷ ತುಂಬಿದ ಎಮ್ಮೆ ಕೋಣಗಳಿಗೆ ಮಾತ್ರ ಅವಕಾಶ ಉಳಿಯಿತು. ಎಂದರೆ, ಮಾಂಸಕ್ಕಾಗಿ ತಾನೇ ದನ ಸಾಕುತ್ತೇನೆಂದು ಹೊರಟವನು ಒಂದು ಕೋಣಗರುವನ್ನು ೧೩ ವರ್ಷ ಸಾಕಬೇಕು.

ಸಾಕಿ ನೋಡೋಣ. ಹುಟ್ಟಿದ ಕರು ಸುಮಾರು ೩೦ ಕಿಲೋ ತೂಗುತ್ತದೆ. ತೂಕದ ಹತ್ತನೆಯ ಒಂದು ಪಾಲು ಹಾಲು ಬೇಕು. ದಿನಕ್ಕೆ ೩ ಲೀಟರು. ಎರಡು ತಿಂಗಳಿಗೆ ೧೮೦ ಲೀಟರು. ಅಷ್ಟು ಹಾಲಿನ ಹಣದಲ್ಲಿ ನನ್ನ ಒಂದು ವರ್ಷದ ಫೀಜು, ಪುಸ್ತಕ, ಬಸ್ಸಿನ ಪಾಸು ಎಲ್ಲವೂ ತೀರುತ್ತವೆ. ಮೊದಲ ತಿಂಗಳಲ್ಲೇ ಜಂತುಹುಳುವಿನ ಮದ್ದು. ಬೆಳೆದ ಮೇಲೆ ಆರಾರು ತಿಂಗಳಿಗೆ ಕಾಲುಬಾಯಿ ಜ್ವರದ ಚುಚ್ಚುಮದ್ದು. ಮಳೆಗಾಲಕ್ಕೆ ಮುಂಚೆ ಗಂಟಲುಬೇನೆಯದು. ಎಮ್ಮೆಯ ಜಾತಿಗೆ ಬೆವರು ಕಡಮೆ. ಬೇಸಗೆಯಲ್ಲಿ ಮೈಮೇಲೆ ನೀರು ಸುರಿಯಬೇಕು. ನಲ್ಲಿಯ ನೀರಿಗೆ ಸರದಿ ನಿಲ್ಲುವ ಕೇರಿಯಲ್ಲಿ ಕೋಣನಿಗೆ ಅಭ್ಯಂಜನವೆಂದರೆ ನೆರೆಯವರು ಸುಮ್ಮನಿರುತ್ತಾರೆಯೆ?

ಇನ್ನು ಮೇವು. ಚಿಕ್ಕಂದಿನ ವರ್ಷಗಳನ್ನೂ ಸೇರಿಸಿ ದಿನಕ್ಕೆ ಸರಾಸರಿ ೭ ಕಿಲೋ ಒಣಮೇವೆಂದು ಇಟ್ಟುಕೊಂಡರೆ, ೧೩ ವರ್ಷಕ್ಕೆ ೩೩ ಟನ್ನು ಮೀರುತ್ತದೆ. ಕೊನೆಗೆ ೪೦೦ ಕಿಲೋ ತೂಗುವ ಪ್ರಾಣಿಯಿಂದ ಎಲುಬೂ ಸೇರಿ ದೊರೆಯುವ ಮಾಂಸ ಹೆಚ್ಚೆಂದರೆ ಅರ್ಧ, ೨೦೦ ಕಿಲೋ. ಒಂದು ಕಿಲೋ ಮಾಂಸಕ್ಕೆ ೧೬೬ ಕಿಲೋ ಮೇವು! ಮಾಂಸಕ್ಕೆಂದೇ ದನ ಬೆಳೆಸುವ ಅಮೆರಿಕದಂಥ ದೇಶಗಳಲ್ಲಿ ಒಂದೂವರೆ ಎರಡು ವರ್ಷಕ್ಕೇ ಕೆಲಸ ಮುಗಿಯುತ್ತದೆ. ನಮ್ಮ ಕೋಣವನ್ನೇ ೨ ವರ್ಷಕ್ಕೆ, ೨೫೦ ಕಿಲೋ ತೂಗುವಾಗ ಲೆಕ್ಕ ಹಾಕಿದರೆ ಕಿಲೋವಿಗೆ ೨೩ ಕಿಲೋ ಮೇವು ಸಾಕು. ಉಳಿದ ೧೧ ವರ್ಷ ಅದು ತಿನ್ನುವುದು ವಯಸ್ಸಿಗಾಗಿ. ಆ ವಯಸ್ಸನ್ನು ತೋರಿಸುವುದೂ ಸುಲಭವಲ್ಲ. ಸುಮಾರು ೫ ವರ್ಷಕ್ಕೆ ಬಾಯಿಗೂಡಿದ ಮೇಲೆ ಹಲ್ಲಿನ ಸವೆತ ನೋಡಿ ಅಂದಾಜು ಮಾಡಬೇಕೇ ಹೊರತು, ಕೋಣನಿಗೆ ಜಾತಕ ಬರೆಸಿದವರು ಯಾರು?

ಮೇವಾದರೂ ಎಲ್ಲಿದೆ? ಬೆಳ್ಳಂದೂರು ವರ್ತೂರು ಕೆರೆಗಳ ಹುಲ್ಲನ್ನು ಕೊಯ್ದು ತಂದು ಮಾರುವವರಿದ್ದರು. ೨೦೧೮ರ ಜನವರಿಯಲ್ಲಿ ಬೆಳ್ಳಂದೂರು ಕೆರೆಯ ಹುಲ್ಲಿಗೇ ಬೆಂಕಿ ಬಿದ್ದುದನ್ನು ಲೋಕವೆಲ್ಲ ನೋಡಿತು. ಈಗ ನಮಗೆ ಹೊಸಕೋಟೆಯ ಕಡೆಯ ರಾಗಿಹುಲ್ಲು, ರಸೆಲ್ ಮಾರ್ಕೆಟ್ಟಿನ ಕೋಸಿನ ಎಲೆ, ಬಿಯರು ತಯಾರಿಸುವಲ್ಲಿ ಮಿಗುವ ಬಾರ್ಲಿಯ ಚರಟ, ಇವೇ ಗತಿ. ಚರಟ ಒಳ್ಳೆಯ ಆಹಾರವೇ. ಆದರೆ ಬೇಸಗೆಯಲ್ಲಿ ಎರಡು ದಿನಕ್ಕೆ ಹುಳಿತುಹೋಗುತ್ತದೆ. ಇವೆಲ್ಲವೂ ಹಾಲು ಕೊಡುವ ಎಮ್ಮೆಗೇ ಸಾಲದಿರುವಾಗ ಕೋಣಗರುವಿಗೆ ಏನು ಉಳಿದೀತು?

ಇಲ್ಲಿಯೇ ಲೆಕ್ಕ ಕಹಿಯಾಗುತ್ತದೆ. ಎಷ್ಟೋ ಕೊಟ್ಟಿಗೆಗಳಲ್ಲಿ ಗಂಡುಕರುವನ್ನು ಯಾರೂ ಕೊಲ್ಲುವುದಿಲ್ಲ. ಹಾಲು ಬಿಡುವುದಿಲ್ಲ, ಅಷ್ಟೆ. ಕತ್ತಿಯಿಂದ ತಪ್ಪಿಸಿಕೊಂಡ ಕರು ಹಸಿವಿನಿಂದ ಸಾಯುತ್ತದೆ. ಅದಕ್ಕೆ ಯಾವ ಪ್ರಮಾಣಪತ್ರವೂ ಬೇಡ.

೧೯೨೭ರಲ್ಲಿ ಗಾಂಧೀಜಿಯವರು ಬೆಂಗಳೂರಿನಲ್ಲಿ ವಿಶ್ರಾಂತಿಗಾಗಿ ತಂಗಿದ್ದಾಗ ಇಲ್ಲಿನ ಇಂಪೀರಿಯಲ್ ಡೈರಿ ಸಂಸ್ಥೆಗೆ ಹೋಗಿ ದನಸಾಕಣೆಯ ಪಾಠ ಹೇಳಿಸಿಕೊಂಡರು. ಗೋರಕ್ಷಣೆಯ ಸಂಸ್ಥೆಗಳು ಒಳ್ಳೆಯ ಡೈರಿಯನ್ನೂ, ಸತ್ತ ದನಗಳ ಚರ್ಮ ಹದಮಾಡುವ ಶಾಲೆಯನ್ನೂ ನಡೆಸಬೇಕೆಂಬುದು ಅವರ ಮತವಾಗಿತ್ತು. ಭಕ್ತಿಯಿದ್ದವರಿಗೂ ಲೆಕ್ಕ ತಪ್ಪಿದ್ದಲ್ಲವೆಂದು ಅವರು ಬಲ್ಲರು.

ನಮ್ಮ ಕೊಟ್ಟಿಗೆಯಲ್ಲಿ ಕಳೆದ ದೀಪಾವಳಿಗೆ ಹುಟ್ಟಿದ ಕೋಣಗರುವೊಂದಿದೆ. “ಲೆಕ್ಕ ಏನು ಹೇಳುತ್ತದೆ?” ಎಂದು ಅಪ್ಪ ಕೇಳಿದರು. ಸಾಕಬೇಡವೆನ್ನುತ್ತದೆ ಎಂದೆ. ಅವ್ವ ಏನೂ ಹೇಳದೆ ಅಂದಿನಿಂದ ಒಂದು ಮೊಲೆಯನ್ನು ಕರುವಿಗೆ ಬಿಟ್ಟಿದ್ದಾಳೆ. ಆ ಹಾಲನ್ನು ನಾನು ದಿನವೂ ಖರ್ಚಿನ ಕಡೆಗೆ ಬರೆಯುತ್ತಿದ್ದೇನೆ. ದನ ಉಳಿಯಬೇಕೆನ್ನುವವರೂ, ತಿನ್ನುವ ಹಕ್ಕು ಬೇಕೆನ್ನುವವರೂ ಈ ಒಂದು ಮೊಲೆಯ ಹಾಲಿನ ಬೆಲೆಯನ್ನು ಯಾರು ಕೊಡತಕ್ಕದ್ದೆಂಬುದನ್ನು ಮೊದಲು ತೀರ್ಮಾನಿಸಲಿ. ಅಲ್ಲಿಯವರೆಗೆ ಅದನ್ನು ಕೊಡುವವಳು ನಮ್ಮವ್ವ.