ಮೊಳಕೆ ಕಟ್ಟಿದ ರಾಗಿ

ನಮ್ಮ ತಿಪಟೂರಿನ ಕಡೆ ಮದುವೆಮನೆಗಳಲ್ಲಿ ಎಲೆಯ ತುದಿಗೆ ಉಪ್ಪು ಬೀಳುವ ಮೊದಲೇ ಪಕ್ಕದಲ್ಲಿ ಕುಳಿತವರಿಂದ ಒಂದು ಪ್ರಶ್ನೆ ಬೀಳುತ್ತದೆ. “ಮಗಳು ಈಗ ಏನು ಮಾಡ್ಕೊಂಡಿದಾಳೆ?” ಇಂಜಿನಿಯರು, ಡಾಕ್ಟರು, ಬ್ಯಾಂಕು ಎಂದು ಹೇಳುವ ತಾಯಂದಿರಿಗೆ ಒಂದೇ ಮಾತಿಗೆ ಮುಗಿಯುತ್ತದೆ. ನಾನು ಮಾತ್ರ ಹಪ್ಪಳ ಮುರಿಯುತ್ತಾ, “ಬೆಂಗಳೂರಲ್ಲಿ ಫುಡ್ ಕಂಪನೀಲಿದಾಳೆ” ಎನ್ನುತ್ತೇನೆ. ಎಂಥ ಫುಡ್ಡು ಎಂದು ಮತ್ತೆ ಕೆದಕಿದರೆ, “ಅದೇ, ಧಾನ್ಯದ್ದು” ಎಂದು ಕೋಸಂಬರಿಯ ಕಡೆ ತಿರುಗುತ್ತೇನೆ. ಪೂರ್ತಿ ಸುಳ್ಳೇನಲ್ಲ. ಬಾರ್ಲಿಯೂ ಗೋಧಿಯೂ ಧಾನ್ಯಗಳೇ ತಾನೆ? ನನ್ನ ಮಗಳು ಅವುಗಳಿಂದ ಬಿಯರ್ ಮಾಡುತ್ತಾಳೆ.

ಇದನ್ನು ಬರೆಯಲು ನನಗೆ ಆರು ವರ್ಷ ಬೇಕಾಯಿತು. ಸೂಕ್ಷ್ಮಜೀವಿಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು ಯಾವುದಾದರೂ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ ಎಂದುಕೊಂಡಿದ್ದೆವು. ಅವಳು ಹೋಗಿ ಸೇರಿದ್ದು ಬೆಂಗಳೂರಿನ ಒಂದು ಸಣ್ಣ ಬಿಯರ್ ತಯಾರಿಕೆಯ ಮನೆಯನ್ನು. ಅಲ್ಲಿ ಕೆಳಗೆ ಊಟದ ಮೇಜುಗಳು, ಗಾಜಿನ ಗೋಡೆಯ ಹಿಂದೆ ಹಂಡೆಗಳು. ಅಲ್ಲೇ ಕಾಯಿಸಿ, ಅಲ್ಲೇ ಹುಳಿ ಹಿಡಿಸಿ, ಅಲ್ಲೇ ಬಡಿಸುವುದು. ಬೆಂಗಳೂರಿಗೆ ಬಿಯರ್ ಹೊಸದಲ್ಲ. ದಂಡು ಪ್ರದೇಶದ ಬ್ರಿಟಿಷರ ಕಾಲದಿಂದಲೂ ಇತ್ತು. ಯುನೈಟೆಡ್ ಬ್ರೂವರೀಸ್ ಕಂಪನಿ ಕಟ್ಟಿದ್ದು 1915ರಲ್ಲಿ. ಆದರೆ ಹೋಟೆಲಿನೊಳಗೇ ಹಂಡೆ ಇಟ್ಟು ಮಾಡುವ ಈ ಚಾಳಿ ಬಂದದ್ದು 2010–11ರ ಹೊತ್ತಿಗೆ, ಟಾಯ್ಟ್, ಬಿಯರ್ ಕ್ಲಬ್‌ನಂಥವು ಶುರುವಾದ ಮೇಲೆ. ಆಮೇಲೆ ಇಂದಿರಾನಗರ, ಕೋರಮಂಗಲ, ವೈಟ್‌ಫೀಲ್ಡ್ ಎಂದು ಹಬ್ಬಿಕೊಂಡಿತು. ಮಾವಿನ ಕಾಲಕ್ಕೆ ಮಾವಿನದು, ಚಳಿಗೆ ಕಾಫಿಯದು ಎಂದು ಹೊಸ ಹೊಸ ಬಗೆಗಳನ್ನು ‘ಬಿಡುಗಡೆ’ ಮಾಡುತ್ತಾರಂತೆ. ಪುಸ್ತಕ ಬಿಡುಗಡೆ ಕೇಳಿದ್ದೆ, ಸಿನಿಮಾ ಬಿಡುಗಡೆ ಕೇಳಿದ್ದೆ, ಜೈಲಿನಿಂದ ಬಿಡುಗಡೆಯನ್ನೂ ಕೇಳಿದ್ದೆ. ಬಿಯರಿನ ಬಿಡುಗಡೆ ಕೇಳಿದ್ದು ಮಗಳ ಬಾಯಲ್ಲೇ.

ನಾನು ಈ ವಿಷಯ ಮುಚ್ಚಿಟ್ಟದ್ದು ಊರಿನವರಿಗೆ ಹೆದರಿ ಎಂದು ನೀವು ತಿಳಿಯಬಹುದು. ಊರಿನವರು ಎರಡು ದಿನ ಆಡಿಕೊಂಡು ಮೂರನೆಯ ದಿನ ಕೊಬ್ಬರಿ ಧಾರಣೆಯ ಮಾತಿಗೆ ಹೋಗುತ್ತಾರೆ. ನಾನು ಹೆದರಿದ್ದು ಒಬ್ಬಳಿಗೆ. ನನ್ನ ಅತ್ತಿಗೆಗೆ.

ನಮ್ಮಣ್ಣ ಹೋದದ್ದು 1994ರಲ್ಲಿ. ಆಗ ಪ್ಯಾಕೆಟ್ ಸಾರಾಯಿಯ ಕಾಲ. ಹಾಲಿನ ಪ್ಯಾಕೆಟ್ಟಿನ ತಮ್ಮನಂತೆ ಇರುತ್ತಿದ್ದ ಆ ಪ್ಲಾಸ್ಟಿಕ್ ಚೀಲಗಳ ಮೂಲೆ ಕಚ್ಚಿ ಹರಿದು ನಿಂತಲ್ಲೇ ಕುಡಿದು ಬಿಸಾಡುತ್ತಿದ್ದರು. ಮಳೆ ಬಂದರೆ ಅವು ತೇಲಿ ಬಂದು ಚರಂಡಿ ಕಟ್ಟುತ್ತಿತ್ತು. ಅಣ್ಣ ಒಳ್ಳೆಯವನೇ. ಎಲ್ಲ ತಂಗಿಯರೂ ಹೀಗೆಯೇ ಹೇಳುವುದು. ಕೊನೆಯ ಎರಡು ವರ್ಷ ಅವನ ಹೊಟ್ಟೆ ಊದಿ, ಕಣ್ಣು ಹಳದಿಯಾಗಿ, ಅತ್ತಿಗೆಯ ಓಲೆಯಿಂದ ಹಿಡಿದು ಕೊಳದಪ್ಪಲೆಯವರೆಗೆ ಎಲ್ಲ ಮಾರಿ ಮುಗಿದಿತ್ತು. ಅವಳಿಗಾಗ ಇಪ್ಪತ್ತೊಂಬತ್ತು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಲ್ಲಿಸಿದರೆಂದು ನಾನು ಓಡಿಹೋಗಿ ಹೇಳಿದಾಗ ಅತ್ತಿಗೆ ಅಕ್ಕಿ ಆರಿಸುತ್ತಿದ್ದಳು. ಮೊರದಿಂದ ತಲೆ ಎತ್ತದೆ, “ಹದಿಮೂರು ವರ್ಷ ತಡವಾಯ್ತು” ಎಂದಳು.

ಅವಳು ಬದುಕಿದ್ದು ರಾಗಿಯಿಂದ. ಹುರಿಹಿಟ್ಟು ಮಾಡಿ ಮನೆಮನೆಗೆ ಕೊಟ್ಟು ಇಬ್ಬರು ಹುಡುಗರನ್ನು ಓದಿಸಿದಳು. ತಿಪಟೂರಿನಲ್ಲಿ ಆಕೆಯ ಹುರಿಹಿಟ್ಟು ಕುಡಿಯದೆ ಹಲ್ಲು ಬಂದ ಮಗು ಕಡಿಮೆ. ರಾಗಿಯನ್ನು ಮೂರು ನೀರಲ್ಲಿ ತೊಳೆದು ಕಲ್ಲು ಗಾಳಿಸಬೇಕು, ಒಂದು ರಾತ್ರಿ ನೆನೆಸಬೇಕು, ಹಳೆಯ ಹತ್ತಿ ಬಟ್ಟೆಯಲ್ಲಿ ಗಂಟು ಕಟ್ಟಿ ಕತ್ತಲಲ್ಲಿ ಇಡಬೇಕು. ಬಟ್ಟೆ ಒಣಗಿದರೆ ನೀರು ಚಿಮುಕಿಸಬೇಕು, ಸುರಿಯಬಾರದು. ಗಂಟಿನೊಳಗೆ ಕೈಯಿಟ್ಟರೆ ಎಳೆಮಗುವಿನ ಕಂಕುಳಿನಷ್ಟು ಬೆಚ್ಚಗಿರಬೇಕು, ಜಾಸ್ತಿ ಬಿಸಿಯಾದರೆ ಬಿಚ್ಚಿ ಕೈಯಾಡಿಸಬೇಕು. ಮೊಳಕೆ ಬಂದಮೇಲೆ ನೆರಳಲ್ಲಿ ಒಣಗಿಸಿ, ಉಜ್ಜಿ, ಬೇರು ತೂರಿ, ಸಣ್ಣ ಉರಿಯಲ್ಲಿ ಹುರಿಯಬೇಕು. ಇದೆಲ್ಲ ಅತ್ತಿಗೆ ನನಗೆ ಹೇಳಿಕೊಟ್ಟದ್ದು.

ಹೋದ ವರ್ಷ ಹೊಸ ರಾಗಿ ಬಂದ ಹೊತ್ತಿನಲ್ಲಿ ಮಗಳು ಮೇಲಿಂದ ಮೇಲೆ ಫೋನು ಮಾಡಿ ಇದನ್ನೇ ಕೇಳತೊಡಗಿದಳು. ಎಷ್ಟು ಗಂಟೆ ನೆನೆಸಬೇಕು? ವಾಸನೆ ಬಂದರೆ ಏನು ಮಾಡಬೇಕು? ನನಗೆ ಹಿಗ್ಗೋ ಹಿಗ್ಗು. ಕೊನೆಗೂ ಬೆಳಿಗ್ಗೆ ಬ್ರೆಡ್ಡು ಬಿಟ್ಟು ರಾಗಿ ಕುಡಿಯುವ ಬುದ್ಧಿ ಬಂತಲ್ಲ ಎಂದು ಎರಡು ತಿಂಗಳು ಬಾಯಿ ನೋಯುವಷ್ಟು ಹೇಳಿಕೊಟ್ಟೆ. ಸಂಕ್ರಾಂತಿ ಕಳೆದ ಮೇಲೆ ಒಂದು ದಿನ, “ಅಮ್ಮಾ, ಶನಿವಾರ ಬಾ. ನಿನ್ನ ರಾಗಿ ಬಿಯರ್ ಬಿಡುಗಡೆ ಇದೆ” ಎಂದಳು. ನನ್ನ ರಾಗಿ! ಫೋನು ಇಟ್ಟ ಮೇಲೆ ಎಷ್ಟೋ ಹೊತ್ತು ಒಲೆಯ ಮೇಲೆ ಹಾಲಿಟ್ಟದ್ದೇ ಮರೆತಿತ್ತು.

ಹೋಗಬಾರದೆಂದೇ ಇದ್ದೆ. ಹೋದೆ. ತಾಯಿಯಾದವಳ ಶಪಥಕ್ಕೆ ರೈಲು ಬರುವವರೆಗೆ ಮಾತ್ರ ಆಯಸ್ಸು. ಮೆಜೆಸ್ಟಿಕ್ಕಿನಲ್ಲಿ ಇಳಿದು ಮೆಟ್ರೋ ಹಿಡಿದು ಇಂದಿರಾನಗರಕ್ಕೆ ಹೋಗುವಷ್ಟರಲ್ಲಿ ನಾಲ್ಕು ಗಂಟೆ. ಯಾರಾದರೂ ಪರಿಚಯದವರು ಕಂಡಾರೆಂದು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಒಳಹೊಕ್ಕೆ. ಮಗಳು ಮೊಣಕಾಲುದ್ದದ ರಬ್ಬರ್ ಬೂಟು ತೊಟ್ಟು ಎದುರು ಬಂದಳು. ನಾಟಿ ಗದ್ದೆಯಿಂದ ಎದ್ದು ಬಂದವಳ ಹಾಗೆ ಕಂಡಳು. ಮುಂಗೈ ಮೇಲೆ ಎರಡು ಸುಟ್ಟ ಕಲೆ.

ನಾನು ಮೂಗಿಗೆ ಸೆರಗು ಹಿಡಿದೇ ಹಂಡೆಗಳ ಕೋಣೆಗೆ ಹೋದೆ. ಅಣ್ಣನ ಅಂಗಿಯ ಆ ವಾಸನೆಯನ್ನು ಇಷ್ಟು ವರ್ಷವಾದರೂ ಮೂಗು ಮರೆತಿಲ್ಲ. ಆದರೆ ಸೆರಗು ತೆಗೆದಾಗ ಬಂದದ್ದು ಹಾರ್ಲಿಕ್ಸಿನ ವಾಸನೆ! ಎರಡೂ ಮೊಳಕೆ ಬಾರ್ಲಿಯದೇ ಅಲ್ಲವೇ ಎಂದಳು ಮಗಳು. ಮೊಳಕೆ ಬಂದ ಕಾಳಿನೊಳಗೆ ಪಿಷ್ಟವನ್ನು ಸಕ್ಕರೆ ಮಾಡುವ ಎನ್‌ಜೈಮುಗಳು ಹುಟ್ಟುತ್ತವಂತೆ. ಸುಮಾರು 65 ಡಿಗ್ರಿ ಬಿಸಿನೀರಲ್ಲಿ ನುಚ್ಚನ್ನು ಒಂದು ಗಂಟೆ ಇಟ್ಟರೆ ಗಂಜಿ ಸಿಹಿಯಾಗುತ್ತದೆ. ಸೋಸಿ, ಹಾಪ್ಸ್ ಎಂಬ ಕಹಿ ಹೂವು ಹಾಕಿ ಕುದಿಸಿ, ತಣಿಸಿ ಯೀಸ್ಟು ಬೆರೆಸುತ್ತಾರೆ. ಯೀಸ್ಟು ಸಕ್ಕರೆ ತಿಂದು ಮದ್ಯವನ್ನೂ ಗಾಳಿಗುಳ್ಳೆಯನ್ನೂ ಬಿಡುತ್ತದೆ. ನಮ್ಮ ದೋಸೆಹಿಟ್ಟು ಚಳಿಗಾಲದಲ್ಲಿ ಉಬ್ಬದಿದ್ದರೆ ನಾವು ಕಂಬಳಿ ಹೊದಿಸುತ್ತೇವೆ. ಅವಳ ಹಂಡೆಗೆ ಬೇಸಿಗೆಯಲ್ಲಿ ತಣ್ಣೀರಿನ ಕವಚ ಹೊದಿಸುತ್ತಾರೆ. ಉಳಿದ ಚರಟ ಹಸುಗಳಿಗೆ ಹೋಗುತ್ತದೆ. ರಾಗಿಯಿಂದ ಒಂದು ತೊಡಕಾಯಿತಂತೆ. ಬಾರ್ಲಿಯ ಹೊಟ್ಟು ಜರಡಿಯಂತೆ ನಿಂತು ಗಂಜಿಯನ್ನು ಸೋಸಿಕೊಡುತ್ತದೆ. ಸಣ್ಣ ಕಾಳಿನ ರಾಗಿಗೆ ಅಂಥ ಹೊಟ್ಟಿಲ್ಲ, ಹಂಡೆಯ ತಳ ಕಟ್ಟಿಕೊಂಡು ಕೂತುಬಿಟ್ಟಿತು. ಕೊನೆಗೆ ಬಾರ್ಲಿಯನ್ನೇ ಹೆಚ್ಚಿಗೆ ಹಾಕಿ ರಾಗಿಯನ್ನು ಜೊತೆಗೆ ಸೇರಿಸಿದ್ದಾಯಿತು. ಮುದ್ದೆ ತಳ ಹಿಡಿಸದ ಹೆಂಗಸು ಯಾರಿದ್ದಾರೆ ಎಂದು ಸಮಾಧಾನ ಹೇಳಿದೆ.

ಬಿಡುಗಡೆಗೆ ಅಧ್ಯಕ್ಷರಿರಲಿಲ್ಲ, ಶಾಲು ಹಾರಗಳಿರಲಿಲ್ಲ, ಭಾಷಣವಿಲ್ಲದ್ದರಿಂದ ಸಮಯಕ್ಕೆ ಸರಿಯಾಗಿ ಶುರುವಾಯಿತು. ಇಪ್ಪತ್ತೈದು ಜನ ಸುತ್ತ ಕುಳಿತಿದ್ದರು, ಅವರಲ್ಲಿ ಅರ್ಧ ಹುಡುಗಿಯರು. ಪ್ರತಿಯೊಬ್ಬರ ಮುಂದೆ ಮಣೆಯಂಥ ಹಲಗೆಯಲ್ಲಿ ಐದು ಪುಟ್ಟ ಲೋಟ. ತಿಳಿ ಬಣ್ಣದಿಂದ ಕಡು ಬಣ್ಣಕ್ಕೆ, ಮೃದುವಿನಿಂದ ಕಟುವಿಗೆ ಹೋಗಬೇಕು. ಮೊದಲು ಬೆಳಕಿಗೆ ಹಿಡಿದು ನೋಡು, ಲೋಟ ತಿರುಗಿಸಿ ಮೂಸು, ಒಂದು ಗುಟುಕು ನಾಲಿಗೆಯ ಮೇಲೆ ನಿಲ್ಲಿಸು, ನಡುವೆ ನೀರು ಕುಡಿ. ಗೋಧಿಯ ಬಿಯರಿನಲ್ಲಿ ಬಾಳೆಹಣ್ಣು ಲವಂಗಗಳ ವಾಸನೆ, ಹಾಕದೆಯೇ ಬಂದದ್ದು, ಅದು ಯೀಸ್ಟಿನ ಕೊಡುಗೆ. ಬೆಲ್ಜಿಯಂ ಬಗೆಯದಕ್ಕೆ ಕಿತ್ತಳೆ ಸಿಪ್ಪೆ ಮತ್ತು ಕೊತ್ತಂಬರಿ ಬೀಜ ಹಾಕುತ್ತಾರೆಂದಾಗ, ಸಾರಿನ ಪುಡಿ ಡಬ್ಬಿ ಎಲ್ಲೆಲ್ಲಿ ಹೋಗಿದೆ ನೋಡಿ ಎಂದುಕೊಂಡೆ. ಮೂರನೆಯದು ಹಾಗಲಕಾಯಿಗೆ ಅಣ್ಣ, ನಾಲ್ಕನೆಯದು ಚಿಕ್ಕಮಗಳೂರಿನ ಕಾಫಿ ಬೆರೆತ ಕಪ್ಪು ಬಿಯರು. ಇದೆಲ್ಲ ನನಗೆ ಮೂಗಿನಿಂದ ತಿಳಿದದ್ದು ಮತ್ತು ಅವರ ಮುಖಗಳಿಂದ.

ಮಗಳು ಮಾತಾಡಿದಳು. ಮೆಸೊಪೊಟೇಮಿಯದ ಸುಮೇರಿಯನ್ನರಿಗೆ ನಿಂಕಾಸಿ ಎಂಬ ಬಿಯರಿನ ದೇವತೆಯಿದ್ದಳು, ಸುಮಾರು 3,800 ವರ್ಷಗಳ ಹಿಂದಿನ ಜೇಡಿ ಹಲಗೆಯ ಮೇಲೆ ಅವಳ ಸ್ತುತಿಯಿದೆ. ಹಳೆಯ ಇಂಗ್ಲೆಂಡಿನಲ್ಲಿ ಇದು ಮನೆಹೆಂಗಸರ ಕೆಲಸವಾಗಿತ್ತು, ಹಣ ಬರುವ ಉದ್ಯಮವಾದ ಮೇಲೆ ಗಂಡಸರ ಕೈಗೆ ಹೋಯಿತು. ಸಿಕ್ಕಿಂನ ಕಡೆ ಇಂದಿಗೂ ಹೆಂಗಸರು ರಾಗಿಯನ್ನು ಹುಳಿ ಹಿಡಿಸಿ ತೋಂಗ್ಬಾ ಎಂಬ ಬೆಚ್ಚನೆಯ ಪೇಯ ಮಾಡುತ್ತಾರೆ. ನನ್ನ ಮಗಳಿಗೆ ಇಷ್ಟು ಚೆನ್ನಾಗಿ ಮಾತಾಡಲು ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಹೆಮ್ಮೆಯಾಯಿತು. ಸುಳ್ಳೇಕೆ ಹೇಳಲಿ?

ಆಮೇಲೆ ಅವಳು ಗೋಡೆಯ ಕಪ್ಪು ಹಲಗೆಯ ಮೇಲಿನ ಬಟ್ಟೆ ಸರಿಸಿದಳು. ಸೀಮೆಸುಣ್ಣದಲ್ಲಿ ಹೊಸ ಬಿಯರಿನ ಹೆಸರು ಬರೆದಿತ್ತು: ‘ಅತ್ತೆ ರಾಗಿ.’

ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಕೈ ಎತ್ತಲಾಗಲಿಲ್ಲ. ಕಣ್ಣಿಗೆ ಬಂದದ್ದು 2019ರ ಜನವರಿ. ಮದ್ಯ ನಿಷೇಧ ಬೇಕೆಂದು ಚಿತ್ರದುರ್ಗದಿಂದ ಬೆಂಗಳೂರಿಗೆ ಹೆಂಗಸರು ನಡೆದು ಹೋದರಲ್ಲ, ಆಗ ನಾನೂ ಅತ್ತಿಗೆಯೂ ಶಿರಾದ ನೆಂಟರ ಮನೆಯಲ್ಲಿದ್ದೆವು. ಹೆದ್ದಾರಿಯ ಪಕ್ಕ ನಿಂತು ನೋಡಿದೆವು. ಹರಿದ ಚಪ್ಪಲಿಗಳು, ತಲೆಯ ಮೇಲೆ ಗಂಟುಗಳು, ಸಾವಿರಾರು ಹೆಂಗಸರು. ಅತ್ತಿಗೆ ಏನೂ ಮಾತಾಡದೆ ಅವರ ಜೊತೆ ಎರಡು ಮೈಲಿ ನಡೆದು ಬಂದಿದ್ದಳು.

ಗಲಾಟೆ ಕರಗಿದ ಮೇಲೆ ಮಗಳನ್ನು ಮೂಲೆಗೆ ಕರೆದೆ. “ಅದನ್ನ ಅಳಿಸು” ಎಂದೆ. “ಯಾಕಮ್ಮ? ಅವರಿಗೆ ಗೌರವ ಅಂತಾನೇ ಬರೆದೆ. ಕೆಲಸ ಅವರದು, ಹೆಸರು ನಮ್ಮದು ಆಗಬಾರದು ಅಂತ.” “ಗೌರವ ಅವಳನ್ನ ಕೇಳಿ ಕೊಡಬೇಕಿತ್ತು.” ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಾವನ ಸಾರಾಯೀನೂ ಇದೂ ಒಂದೇ ಅಲ್ಲಮ್ಮ” ಎಂದು ಶುರುಮಾಡಿ ತಾನೇ ನಿಲ್ಲಿಸಿದಳು. ಬಿಯರಿನಲ್ಲಿ ಸಾಮಾನ್ಯವಾಗಿ ಶೇಕಡಾ ಐದರ ಆಸುಪಾಸು ಮದ್ಯಾಂಶ, ಸಾರಾಯಿ ಅದಕ್ಕೆ ಎಷ್ಟೋ ಪಟ್ಟು ಎಂದು ನನಗೂ ಗೊತ್ತು. ಮದ್ಯ ಎಷ್ಟು ಕಡಿಮೆಯಾದರೂ ಆರೋಗ್ಯಕ್ಕೆ ಸುರಕ್ಷಿತ ಪ್ರಮಾಣ ಎಂಬುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿದ್ದು ಅವಳಿಗೂ ಗೊತ್ತು. ಗೊತ್ತಿರುವುದನ್ನೇ ಒಬ್ಬರಿಗೊಬ್ಬರು ಹೇಳಿಕೊಂಡು ಏನು ಪ್ರಯೋಜನ? ಅವಳು ಒದ್ದೆ ಬಟ್ಟೆ ತಂದು ‘ಅತ್ತೆ’ಯನ್ನು ಒರೆಸಿದಳು. ‘ರಾಗಿ’ ಮಾತ್ರ ಉಳಿಯಿತು.

ಐದನೆಯ ಲೋಟ ನನ್ನ ಮುಂದೆ ಹಾಗೇ ಇತ್ತು. ಅವಳು ಕುಡಿ ಎನ್ನಲಿಲ್ಲ, ನೋಡುತ್ತಿದ್ದಳು. ಹುಳಿಯ ಉಪ್ಪು ನೋಡುವಾಗಿನಂತೆ ಎರಡು ಹನಿ ಅಂಗೈಗೆ ಹಾಕಿ ನಾಲಿಗೆಗೆ ಹಚ್ಚಿದೆ. ಕಹಿ, ಅದರ ಹಿಂದೆ ಸಣ್ಣಗೆ, ಗಂಟು ಬಿಚ್ಚಿದಾಗ ಬರುವ ಮೊಳಕೆ ರಾಗಿಯ ಅದೇ ವಾಸನೆ. “ಇನ್ನೊಂಚೂರು ಹುರೀಬೇಕಿತ್ತು” ಎಂದು ಬಾಯಿಗೆ ಬಂದುಬಿಟ್ಟಿತು. ಮಗಳು ನಕ್ಕಳು. ಪೂರ್ತಿ ಹುರಿದರೆ ಎನ್‌ಜೈಮು ಸಾಯುತ್ತದಂತೆ. ಎರಡನೆಯ ಹನಿ ನಾನು ಕೇಳಲಿಲ್ಲ, ಅವಳು ಕೊಡಲೂ ಇಲ್ಲ.

ಊರಿಗೆ ಬಂದ ಮಾರನೆಯ ದಿನ ಅತ್ತಿಗೆಯ ಮನೆಗೆ ಹೋದೆ. ಆರು ವರ್ಷ ಹೇಳದ್ದನ್ನು ಅವಳು ಹಂಚಿನ ಮೇಲೆ ರಾಗಿ ಹುರಿಯುತ್ತಿದ್ದಾಗ ಅವಳ ಬೆನ್ನಿಗೆ ಹೇಳಿದೆ. ಮುಖಕ್ಕೆ ಹೇಳುವ ಧೈರ್ಯವಿರಲಿಲ್ಲ. ಹಲಗೆಯ ಹೆಸರನ್ನೂ ಬಿಡದೆ ಎಲ್ಲವನ್ನೂ ಹೇಳಿದೆ. ಅವಳ ಕೈ ನಿಲ್ಲಲಿಲ್ಲ. ಕಾಳು ಚಟಪಟ ಎನ್ನುತ್ತಲೇ ಇತ್ತು.

“ಅಳಿಸಿದ್ಲಾ?”

“ಅಳಿಸಿದ್ಲು.”

“ಹೂಂ.” ಬಹಳ ಹೊತ್ತಾದ ಮೇಲೆ, “ನಂಗೆ ಗೊತ್ತಿತ್ತು” ಎಂದಳು. “ಧಾನ್ಯದ ಕಂಪನಿ ಅಂತ ನೀನು ಹೇಳೋವಾಗೆಲ್ಲ ನೆಲ ನೋಡ್ತಿದ್ದೆ.”

ನನಗೆ ಅಳು ಬಂತು. ಅವಳಿಗೆ ಬರಲಿಲ್ಲ. ಸರಿಯೆಂದೂ ಹೇಳಲಿಲ್ಲ, ತಪ್ಪೆಂದೂ ಹೇಳಲಿಲ್ಲ. ಹುರಿದ ರಾಗಿಯನ್ನು ಮೊರಕ್ಕೆ ಸುರಿದು, “ಕೈ ಸುಟ್ಕೊಂಡಿದಾಳೆ ಅಂದ್ಯಲ್ಲ, ಜೋಪಾನ ಅನ್ನು” ಎಂದಳು. ಹೊರಡುವಾಗ ಎರಡು ಸೇರಿನ ಡಬ್ಬಿ ತುಂಬ ಹುರಿಹಿಟ್ಟು ತುಂಬಿ ನನ್ನ ಕೈಗಿಟ್ಟಳು.

“ಇದನ್ನ ಅವಳಿಗೆ ಕಳಿಸು. ಹಾಲಲ್ಲಿ ಕದಡಿ ಕುಡೀಲಿ. ಹಾಲಲ್ಲಿ ಅಂತ ಬಿಡಿಸಿ ಹೇಳು.”