ಹಲ್ಲಿಗೊಂದು ಬೇಲಿ

ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂಬುದು ಹಳೆಯ ಗಾದೆ. ಈಗ ನಮ್ಮ ಮನೆಯಲ್ಲಿ ಮೂರನೆಯ ಸ್ಥಿತಿಯೊಂದು ಬಂದಿದೆ. ಹಲ್ಲೂ ಇದೆ, ಕಡಲೆಯೂ ಇದೆ, ತಿನ್ನುವಂತಿಲ್ಲ! ಹದಿನಾಲ್ಕರ ಮಗಳ ಹಲ್ಲಿಗೆ ತಂತಿ ಕಟ್ಟಿಸಿದ್ದರ ಫಲ ಇದು. ಹುರಿಗಡಲೆ, ಹಲಸಿನ ಹಪ್ಪಳ, ಬಾಳೆಕಾಯಿ ಚಿಪ್ಸು, ಕಬ್ಬಿನ ತುಂಡು ಎಲ್ಲಕ್ಕೂ ನಿಷೇಧ. ಅಪ್ಪೆಮಿಡಿಯ ರಸ ನೆಕ್ಕಬಹುದು, ಮಿಡಿ ಕಚ್ಚುವಂತಿಲ್ಲ. ಯಲ್ಲಾಪುರದ ತವರಿನಿಂದ ಬಂದ ತೊಡದೇವನ್ನು ಹಾಲಿಗೆ ಹಾಕಿ ಮೆತ್ತಗೆ ಮಾಡಿ ಕೊಡಬೇಕಾಯಿತು. ಗರಿಗರಿಯಿಲ್ಲದ ತೊಡದೇವು ತಿನ್ನುವವರ ಮುಖ ಹೇಗಿರುತ್ತದೆಂದು ನೀವೇ ಊಹಿಸಿಕೊಳ್ಳಿ.

ನಮ್ಮದು ಸಿದ್ದಾಪುರದ ಕಡೆಯ ಹಳ್ಳಿ. ತಿಂಗಳಿಗೊಮ್ಮೆ ಶಿರಸಿಯ ದವಾಖಾನೆಗೆ ತಂತಿಯ ತಜ್ಞರು ಬರುತ್ತಾರೆ, ನಾವು ಬೆಳಗಿನ ಬಸ್ಸಿಗೆ ಹೋಗುತ್ತೇವೆ. ಮೊದಲ ಸಲ ತಂತಿ ಕಟ್ಟಿಸಿಕೊಂಡು ಬಂದಾಗ ಅತ್ತೆಯವರು ಮೊಮ್ಮಗಳ ಬಾಯಿ ತೆರೆಸಿ ನೋಡಿ, "ಇದೆಂತದೇ, ಬಾಯಿಗೆ ಬೇಲಿ ಹಾಕ್ಸಿದ್ಯಲೇ!" ಎಂದರು. ಬಂದುಹೋಗುವವರಿಗೆಲ್ಲ ಅದೇ ಮಾತು. "ಹುಡುಗಿಗೆ ಈಗಲೇ ಗಂಡು ಹುಡುಕುತ್ತೀರಾ?" ಎಂದು ಕೇಳಿದವರೂ ಉಂಟು. ಹಲ್ಲು ಒಂದರ ಮೇಲೊಂದು ಹತ್ತಿ ಕುಳಿತಿದ್ದರೆ ಅಲ್ಲಿ ಬ್ರಶ್ಶು ಹೋಗುವುದಿಲ್ಲ, ಕೊಳೆ ಉಳಿಯುತ್ತದೆ ಎಂದರೆ ಯಾರೂ ನಂಬರು. ಹೆಣ್ಣುಮಗಳ ಹಲ್ಲಿಗೆ ಮದುವೆಯ ಹೊರತು ಬೇರೆ ಕೆಲಸವಿದೆ ಎಂಬುದು ಇನ್ನೂ ಎಲ್ಲರಿಗೂ ಗೊತ್ತಾದಂತಿಲ್ಲ.

ಮೂರನೆಯ ತಿಂಗಳಿಗೆ ನಿಜವಾದ ತೊಂದರೆ ಶುರುವಾಯಿತು. ವಸಡು ಕೆಂಪಾಗಿ ಊದಿ, ಹಲ್ಲಿಗೆ ಅಂಟಿಸಿದ ಬಿಲ್ಲೆಗಳನ್ನು ಮುಟ್ಟುವ ಹಾಗಾಯಿತು. ಬ್ರಶ್ಶು ತಾಗಿದರೆ ರಕ್ತ. "ಉಷ್ಣ ಆಯ್ದು, ರಕ್ತ ಬತ್ತಲೇ, ತಿಕ್ಕಡ ಕೂಸೆ" ಎಂದು ಅಜ್ಜಿಯ ಅಪ್ಪಣೆ. ಮಗಳಿಗೂ ಅದೇ ಬೇಕಿತ್ತು. ಬ್ರಶ್ಶು ತುಟಿಯ ಹತ್ತಿರ ಸುಳಿದು ಹಿಂದಿರುಗತೊಡಗಿತು. ಮುಂದಿನ ಭೇಟಿಯಲ್ಲಿ ಡಾಕ್ಟರು ತಂತಿ ಬಿಗಿ ಮಾಡಲೇ ಇಲ್ಲ. "ಇನ್ನೊಂದು ತಿಂಗಳು ನೋಡುತ್ತೇನೆ. ವಸಡು ಹೀಗೇ ಇದ್ದರೆ ಎಲ್ಲ ಬಿಚ್ಚಿಬಿಡಬೇಕಾಗುತ್ತದೆ" ಎಂದರು. ವಾಪಸು ಬರುವ ಬಸ್ಸಿನಲ್ಲಿ ಮಗಳು ಕಿಟಕಿಯ ಕಡೆ ತಿರುಗಿ ಕುಳಿತವಳು ಸಿದ್ದಾಪುರದವರೆಗೂ ಮಾತಾಡಲಿಲ್ಲ.

ಅವರು ಹೇಳಿದ್ದರಲ್ಲಿ ಸುಮ್ಮನೆ ಹೆದರಿಸುವ ಮಾತು ಇರಲಿಲ್ಲ. ತಂತಿ ಹಲ್ಲನ್ನು ಎಳೆಯುವುದು ಗೂಟ ಕೀಳುವ ಹಾಗಲ್ಲ. ಹಲ್ಲು ಸರಿಯುವ ಕಡೆ ಎಲುಬು ಸ್ವಲ್ಪ ಸ್ವಲ್ಪವೇ ಕರಗಿ ಜಾಗ ಬಿಡುತ್ತದೆ, ಬಿಟ್ಟುಬಂದ ಕಡೆ ಹೊಸ ಎಲುಬು ತುಂಬಿಕೊಳ್ಳುತ್ತದೆ. ಅದಕ್ಕೇ ಈ ಕೆಲಸಕ್ಕೆ ಒಂದೂವರೆ ಎರಡು ವರ್ಷ ಬೇಕು. ವಸಡಿನ ರೋಗ ಆಳಕ್ಕಿಳಿದ ಬಾಯಲ್ಲಿ ಎಳೆದರೆ ಕರಗಿದ ಎಲುಬು ಮತ್ತೆ ತುಂಬದೇ ಹೋಗಬಹುದು. ಮೇಲಿನ ಊತ, ರಕ್ತ ವಾಸಿಯಾಗುವಂಥದು. ಎಲುಬು ಹೋದರೆ ಹೋದದ್ದೇ.

ಹಾಗಾದರೆ ರಕ್ತ ಬರುವಾಗ ತಿಕ್ಕಬೇಕೋ ಬಿಡಬೇಕೋ? ಈ ಪ್ರಶ್ನೆಗೆ ಉತ್ತರ ಸಿಕ್ಕಿ ಬಹಳ ವರ್ಷವಾಯಿತು. 1965ರಲ್ಲಿ ಡೆನ್ಮಾರ್ಕಿನ ಆರ್ಹುಸ್‌ನಲ್ಲಿ ಹೆರಾಲ್ಡ್ ಲೋ ಎಂಬ ದಂತವೈದ್ಯರು ಮತ್ತು ಅವರ ಜೊತೆಯವರು ಒಂದು ಪ್ರಯೋಗವನ್ನು ಪ್ರಕಟಿಸಿದರು. ಆರೋಗ್ಯವಾದ ವಸಡಿನ 12 ಜನ ಹಲ್ಲುಜ್ಜುವುದನ್ನೇ ನಿಲ್ಲಿಸಿದರು. 10ರಿಂದ 21 ದಿನಗಳೊಳಗೆ ಎಲ್ಲರ ವಸಡೂ ಕೆಟ್ಟಿತು. ಮತ್ತೆ ಉಜ್ಜಲು ಶುರುಮಾಡಿದ ಮೇಲೆ ಸುಮಾರು ಒಂದು ವಾರದಲ್ಲಿ ಸರಿಯಾಯಿತು. ವಸಡು ಊದುವುದು ಉಷ್ಣದಿಂದಲ್ಲ, ಅದರ ಅಂಚಿನಲ್ಲಿ ಕುಳಿತ ಸೂಕ್ಷ್ಮಾಣುಗಳ ಪಾಚಿಯಿಂದ. ರಕ್ತ ಬಂತೆಂದು ಬ್ರಶ್ಶು ಬಿಟ್ಟರೆ ಪಾಚಿಗೆ ಇನ್ನೂ ಸಲೀಸು. ಹದಿಹರೆಯದಲ್ಲಿ, ಬಸುರಿನಲ್ಲಿ ಹಾರ್ಮೋನುಗಳ ಏರುಪೇರಿನಿಂದ ಅದೇ ಪಾಚಿಗೆ ವಸಡು ಹೆಚ್ಚು ಊದಿಕೊಳ್ಳುತ್ತದೆ. ನಮ್ಮ ಹೆಣ್ಣುಮಕ್ಕಳು ಇದನ್ನು ತಿಳಿದಿರಬೇಕು.

ನಾನು ಇಷ್ಟೆಲ್ಲ ಹೇಳಿದರೂ ಮಗಳ ತಲೆಗೆ ಹೋಗಿದ್ದು ಅವಳ ಅಪ್ಪನ ಒಂದೇ ಮಾತು. ಜಗುಲಿಯಲ್ಲಿ ಕುಳಿತಿದ್ದವರು, "ತೋಟದಲ್ಲಿ ಬಸಿಗಾಲುವೆ ಕಟ್ಟಿ ಬುಡದಲ್ಲಿ ನೀರು ನಿಂತ್ರೆ ಮರ ಉಳಿತಾ? ನಿನ್ನ ತಂತಿ ಅಡಿ ಬಸಿಗಾಲುವೆ ಕಟ್ಟಿದ್ದು, ಅಷ್ಟೇಯ" ಎಂದರು. ಅಡಿಕೆ ತೋಟದಲ್ಲಿ ಬೆಳೆದ ಮಕ್ಕಳಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಡ.

ಅಂದಿನಿಂದ ಬಚ್ಚಲಿನಲ್ಲಿ ದಿನಾ ಬಸಿಗಾಲುವೆಯ ಕೆಲಸ. ಮೆತ್ತನೆಯ ಬ್ರಶ್ಶನ್ನು ಓರೆಯಾಗಿ ಹಿಡಿದು ಹಲ್ಲು ವಸಡು ಕೂಡುವ ಅಂಚಿನಲ್ಲಿ ಮೆಲ್ಲಗೆ ಆಡಿಸಬೇಕು. ಆಮೇಲೆ ಬಿಲ್ಲೆಗಳ ಮೇಲಿನಿಂದ ಒಮ್ಮೆ, ಕೆಳಗಿನಿಂದ ಒಮ್ಮೆ. ತಂತಿಯ ಅಡಿಗೆ ಬಾಟಲಿ ತೊಳೆಯುವ ಬ್ರಶ್ಶಿನ ಮರಿಯಂತಿರುವ ಪುಟ್ಟ ಬ್ರಶ್ಶು ಸಿಗುತ್ತದೆ, ಅದನ್ನು ಹಲ್ಲಿನ ಸಂದಿಯಲ್ಲಿ ಹಾಯಿಸಬೇಕು. ಪೇಸ್ಟಿನಲ್ಲಿ ಫ್ಲೋರೈಡ್ ಇರಲಿ, ಇಲ್ಲದಿದ್ದರೆ ತಂತಿ ತೆಗೆದ ದಿನ ಹಲ್ಲಿನ ಮೇಲೆ ಬಿಲ್ಲೆಯ ಸುತ್ತ ಸುಣ್ಣದಂಥ ಬಿಳಿ ಕಲೆ ಕಾಣುವ ಸಂಭವ ಹೆಚ್ಚು. ರಾತ್ರಿಯ ಉಜ್ಜುವಿಕೆಯನ್ನು ಎಂದೂ ತಪ್ಪಿಸಬಾರದು. ಶಾಲೆಯಲ್ಲಿ ಬುತ್ತಿ ಉಂಡ ಮೇಲೆ ಬಾಯಿ ತುಂಬ ನೀರು ಹಾಕಿ ಚೆನ್ನಾಗಿ ಮುಕ್ಕಳಿಸಬೇಕು. ತಂತಿಯ ತುದಿ ಕೆನ್ನೆಗೆ ಚುಚ್ಚಿದರೆ ಡಾಕ್ಟರು ಕೊಟ್ಟ ಮೇಣದ ಚೂರು ಅಂಟಿಸಿಕೊಳ್ಳಬೇಕು.

ಅತ್ತೆಯವರ ಉಪ್ಪುನೀರಿಗೂ ಜಾಗ ಕೊಟ್ಟೆವು. ಉಗುರುಬೆಚ್ಚಗಿನ ಉಪ್ಪುನೀರು ನೋವಿಗೆ ಹಿತ, ಆದರೆ ಅಂಟಿದ ಪಾಚಿಯನ್ನು ಅದು ಕೀಳಲಾರದು. ಉಮಿಕರಿಯನ್ನು ಮಾತ್ರ ಬಚ್ಚಲಿನಿಂದ ಹೊರಗಿಟ್ಟೆವು, ಅದು ಹಲ್ಲನ್ನು ಸವೆಸುತ್ತದೆ. ಬಾಯಿ ತೊಳೆಯುವ ಔಷಧವನ್ನು ಡಾಕ್ಟರು ಎರಡು ವಾರಕ್ಕೆಂದು ಕೊಟ್ಟಿದ್ದರು. ಅದನ್ನು ಸ್ವಂತ ಬುದ್ಧಿಯಿಂದ ಮುಂದುವರಿಸಿದರೆ ಹಲ್ಲಿಗೆ ಕಂದು ಕಲೆ ಹಿಡಿಯುತ್ತದೆ.

ಮೊದಲ ನಾಲ್ಕೈದು ದಿನ ನೊರೆಯೆಲ್ಲ ಗುಲಾಬಿ ಬಣ್ಣ. ಅಜ್ಜಿ ಬಚ್ಚಲ ಬಾಗಿಲಲ್ಲಿ ನಿಂತು ನಿಟ್ಟುಸಿರು ಬಿಡುವರು, ಮಗಳು ಕಣ್ಣೀರು ತುಂಬಿಕೊಂಡು ಉಜ್ಜುವಳು. ಎರಡನೆಯ ವಾರಕ್ಕೆ ನೊರೆ ಬೆಳ್ಳಗಾಯಿತು. ತಿಂಗಳ ಕೊನೆಗೆ ಡಾಕ್ಟರು ಕನ್ನಡಿ ಹಿಡಿದು ನೋಡಿ, ಮಾತಿಲ್ಲದೆ ತಂತಿ ಬಿಗಿ ಮಾಡಿದರು. ಆ ರಾತ್ರಿ ಹಲ್ಲು ನೋಯುತ್ತದೆಂದು ಗಂಜಿ ಕುಡಿದ ಹುಡುಗಿ ಅಷ್ಟು ಖುಷಿಯಾಗಿದ್ದುದನ್ನು ನಾನು ನೋಡಿರಲಿಲ್ಲ.

ವಸಡಿನ ಮಾತೆತ್ತಿದ ಮೇಲೆ ನಮ್ಮ ಮೂರು ತಾಲ್ಲೂಕಿನಲ್ಲಿ ಕವಳದ ಮಾತು ಬಿಡಲಾಗದು. ಅಡಿಕೆ ನಮ್ಮ ಅನ್ನ. ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿ 1923ರಲ್ಲಿ ಹುಟ್ಟಿದ್ದೇ ಅಡಿಕೆಯಿಂದ. ಮಕ್ಕಳ ಶಾಲೆಯ ಫೀಸು, ಈ ತಂತಿಯ ಖರ್ಚು ಎಲ್ಲ ಅದರದೇ. ಆದರೂ ಬೆಳೆಯುವುದು ಬೇರೆ, ಅಗಿಯುವುದು ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ತಂಬಾಕು ಸೇರದ ಕವಳವನ್ನೂ ಬರೀ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಅತ್ತೆಯವರಿಗೆ ಸಕ್ಕರೆ ಕಾಯಿಲೆ ಬೇರೆ. ಸಕ್ಕರೆ ಹತೋಟಿಯಲ್ಲಿ ಇಲ್ಲದಿದ್ದರೆ ವಸಡಿನ ರೋಗ ಬೇಗ ಹೆಚ್ಚುತ್ತದೆ, ವಸಡು ಕೆಟ್ಟರೆ ಸಕ್ಕರೆಯೂ ಸುಲಭಕ್ಕೆ ಬಗ್ಗುವುದಿಲ್ಲ. ಅವರ ಅಲುಗಾಡುವ ನಾಲ್ಕು ಹಲ್ಲನ್ನು ಯಾವ ಬೇಲಿಯೂ ನಿಲ್ಲಿಸಲಾರದು. ಕವಳವನ್ನು ದಿನಕ್ಕೆ ಎರಡಕ್ಕೆ ಇಳಿಸಿದ್ದಾರೆ. ಅದೂ ಮೊಮ್ಮಗಳು ಲೆಕ್ಕ ಇಡುತ್ತಾಳೆಂಬ ಭಯಕ್ಕೆ.

ಮುಂದಿನ ವರ್ಷ ತಂತಿ ಬಿಚ್ಚುತ್ತಾರಂತೆ. ಆಮೇಲೆ ಹಲ್ಲು ಹಳೆಯ ಜಾಗಕ್ಕೆ ಓಡದಂತೆ ಹಿಡಿದಿಡುವ ಪಟ್ಟಿ ಹಾಕಿಕೊಳ್ಳಬೇಕು. ಉಜ್ಜುವ ಕೆಲಸಕ್ಕೆ ಆಗಲೂ ರಜೆಯಿಲ್ಲ.

ಮಕ್ಕಳ ಬಾಯಿಗೆ ಇಷ್ಟು ನಿಗಾ ಮಾಡುವ ನಾವು ಹೆಂಗಸರು, ರಾತ್ರಿ ಪಾತ್ರೆ ತೊಳೆದು, ಹಾಲಿಗೆ ಹೆಪ್ಪು ಹಾಕಿ, ಬಾಗಿಲು ಭದ್ರಪಡಿಸಿ ಮಲಗುವ ಹೊತ್ತಿಗೆ ನಮ್ಮ ಹಲ್ಲಿನ ಸರದಿ ಬಂದೇ ಇರುವುದಿಲ್ಲ. ಮಲಗುವ ಮುಂಚೆ ಎರಡು ನಿಮಿಷ ನಿಮಗಾಗಿ ಇಟ್ಟುಕೊಳ್ಳಿ, ಉಗುಳಿದ ನೊರೆಯ ಬಣ್ಣವನ್ನೊಮ್ಮೆ ನೋಡಿ. ಕೆಂಪಾಗಿದ್ದರೆ ಬ್ರಶ್ಶು ಬಿಡಬೇಡಿ, ಎರಡು ವಾರದಲ್ಲೂ ಬೆಳ್ಳಗಾಗದಿದ್ದರೆ ದಂತವೈದ್ಯರ ಬಾಗಿಲು ತಟ್ಟಿ. ಹೇಗೂ ಪೇಟೆಗೆ ಸಾಮಾನು ತರಲು ಹೋಗುತ್ತೀರಲ್ಲ!